ಕೊಡಗಿನ ಯುದ್ಧಗಳಲ್ಲಿ ನಿರಾಯುಧ ಪ್ರಜೆ: 1785 ಮತ್ತು 1834ರ ಸೈನಿಕ ಆಜ್ಞೆಗಳ ಪರಿಶೀಲನೆ

ಪೀಠಿಕೆ

ಕೊಡಗಿನ ಪೂರ್ವದ ಗಡಿಯಲ್ಲಿ, ಕಾವೇರಿ ನದಿಯು ಮಲೆಯ ಸೀಮೆಯನ್ನು ಬಿಟ್ಟು ಮೈಸೂರಿನ ಬಯಲಿಗೆ ಇಳಿಯುವೆಡೆಯಲ್ಲಿ ಕುಶಾಲನಗರವಿದೆ. ಪಿರಿಯಾಪಟ್ಟಣದಿಂದ ಮಡಿಕೇರಿಗೆ ಹೊರಟ ಸೈನ್ಯಗಳಿಗೆ ಈ ಪರಿಸರವೇ ಹೆಬ್ಬಾಗಿಲಾಗಿತ್ತು. ಹೈದರಾಲಿಯು ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ವಾರ್ತೆಯನ್ನು ಕೇಳಿ ಸಂತೋಷದಿಂದ ಊರಿಗೆ ಈ ಹೆಸರಿಟ್ಟನೆಂಬ ಐತಿಹ್ಯ ಪ್ರಚಾರದಲ್ಲಿದೆ. ಆದರೆ ಟಿಪ್ಪು ಜನಿಸಿದ್ದು 1750ರ ಸುಮಾರಿನಲ್ಲಿ. ಹೈದರನ ಕೊಡಗಿನ ದಂಡಯಾತ್ರೆಗಳು ಅದಕ್ಕಿಂತ ಬಹಳ ಈಚಿನವು. ಆದ್ದರಿಂದ ಈ ಐತಿಹ್ಯವನ್ನು ಇತಿಹಾಸವೆಂದು ಸ್ವೀಕರಿಸುವುದು ಕಷ್ಟ. 1834ರ ನಂತರ ಬ್ರಿಟಿಷರು ಕರ್ನಲ್ ಫ್ರೇಸರನ ಸ್ಮರಣೆಗಾಗಿ ಊರನ್ನು ಫ್ರೇಸರ್‌ಪೇಟೆ ಎಂದು ಕರೆದರು. ಒಂದು ಹೆಸರಿನ ಐತಿಹ್ಯದಲ್ಲಿಯೂ ಇನ್ನೊಂದರ ಇತಿಹಾಸದಲ್ಲಿಯೂ ಹೊರಗಿನಿಂದ ಬಂದ ಸೇನೆಯ ನೆನಪೇ ಉಳಿದಿದೆ.

ಹೀಗೆ ಬಂದ ಸೈನ್ಯಗಳಿಗೆ ಅವುಗಳ ಒಡೆಯರು ಕೊಟ್ಟ ಆಜ್ಞೆಯೇನು? ಆಯುಧ ಹಿಡಿದವನನ್ನು ಆಯುಧ ಹಿಡಿಯದವರಿಂದ ಆ ಆಜ್ಞೆಯು ಬೇರ್ಪಡಿಸಿತ್ತೇ? ಈ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. 1785ರ ಕೊಡಗಿನ ಸೆರೆಯ ಕುರಿತ ಚರ್ಚೆಯು ಬಹುಮಟ್ಟಿಗೆ ಸಂಖ್ಯೆಯ ಸುತ್ತಲೇ ನಡೆದಿದೆ. ಸಂಖ್ಯೆಗಿಂತ ಆಜ್ಞೆಯ ಸ್ವರೂಪವೇ ಹೆಚ್ಚು ಖಚಿತವಾದ ಆಧಾರವೆಂಬುದು ಇಲ್ಲಿಯ ಪ್ರತಿಪಾದನೆ.

ಒಕ್ಕಲಿಗನೇ ಸೈನಿಕ

ಹಾಲೇರಿ ಅರಸರ ಕೊಡಗಿನಲ್ಲಿ ಯುದ್ಧದ ಹೊಣೆಯನ್ನು ಹೊತ್ತವರು ಬಹುಪಾಲು ರೈತರೇ. ಜಮ್ಮಾ ಹಿಡುವಳಿಯ ಪದ್ಧತಿಯಂತೆ ಭೂಮಿಯನ್ನು ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದ ಒಕ್ಕಗಳು ಅರಸನು ಕರೆದಾಗ ಸೈನಿಕ ಸೇವೆಗೆ ಬರಬೇಕಾಗಿತ್ತು. ನಾಟಿಯ ಕಾಲದಲ್ಲಿ ಗದ್ದೆಯಲ್ಲಿದ್ದವನೇ ಯುದ್ಧಕಾಲದಲ್ಲಿ ಕೋವಿ, ಒಡಿಕತ್ತಿ ಹಿಡಿದು ಕಡಂಗಗಳ ಮರೆಯಲ್ಲಿ ನಿಲ್ಲುತ್ತಿದ್ದನು. ಬಯಲುಸೀಮೆಯ ದೊಡ್ಡ ಸೈನ್ಯಗಳಿಗೆ ಇದೊಂದು ಬಿಡಿಸಲಾಗದ ಒಗಟಾಯಿತು. ಎದುರಿಗೆ ಸಾಲುಗಟ್ಟಿ ನಿಲ್ಲುವ ಶತ್ರುವಿಲ್ಲ. ಕಾಡಿನಿಂದ ಗುಂಡು ಹಾರಿಸಿದವನು ಮರುದಿನ ಐನ್‌ಮನೆಯ ಜಗಲಿಯಲ್ಲಿ ಕುಳಿತಿರುತ್ತಾನೆ. ಇಂತಹ ಯುದ್ಧದಲ್ಲಿ ಶತ್ರು ಯಾರೆಂಬುದನ್ನು ನಿರ್ಧರಿಸಬೇಕಾದದ್ದು ಸೈನಿಕನಲ್ಲ, ಆಜ್ಞೆ ಕೊಡುವವನು.

1785ರ ಆಜ್ಞೆ

1780ರಲ್ಲಿ ಲಿಂಗರಾಜನು ತೀರಿಕೊಂಡಾಗ ಹೈದರಾಲಿಯು ಬಾಲಕರಾದ ರಾಜಕುಮಾರರನ್ನು ಗೊರೂರಿನಲ್ಲಿರಿಸಿ ಕೊಡಗಿನ ಆಡಳಿತವನ್ನು ತಾನೇ ವಹಿಸಿಕೊಂಡನು. 1782ರಲ್ಲಿ ಜನ ದಂಗೆಯೆದ್ದರು. ಟಿಪ್ಪುವು ರಾಜಕುಟುಂಬವನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿ, ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಿಟ್ಟು ಫೌಜದಾರನನ್ನು ನೇಮಿಸಿದನು. 1785ರಲ್ಲಿ ದಂಗೆ ಮರುಕಳಿಸಿದಾಗ ಅದನ್ನು ಅಡಗಿಸಲು ಮೊದಲು ಬಂದವನು ಜೈನುಲ್ ಆಬಿದೀನ್ ಶುಸ್ತರಿ. ಮೈಸೂರು ಸೈನ್ಯದ ಶಿಸ್ತು ಮತ್ತು ಕವಾಯತಿನ ಕೈಪಿಡಿಯಾದ ‘ಫತ್‌ಹುಲ್ ಮುಜಾಹಿದೀನ್’ ಗ್ರಂಥದ ಕರ್ತೃವೂ ಇವನೇ. ಸೈನ್ಯಕ್ಕೆ ನಿಯಮ ಬರೆದ ಈ ಸೇನಾನಿಗೆ ಕೊಡಗಿನ ಕಾಡುಯುದ್ಧದಲ್ಲಿ ಯಶಸ್ಸು ದೊರೆಯಲಿಲ್ಲ. ಅನಂತರ ಟಿಪ್ಪುವೇ ದಂಡೆತ್ತಿ ಬಂದನು.

ಈ ಕಾಲದ ಟಿಪ್ಪುವಿನ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಭಾಷಾಂತರಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅವನು ಕಂಪನಿಯ ಅಧಿಕಾರಿ. ಸೋತ ಸುಲ್ತಾನನ ಬಗ್ಗೆ ಅವನಿಗೆ ಸದಭಿಪ್ರಾಯವಿರಲಿಲ್ಲ. ಆ ಪೂರ್ವಗ್ರಹವನ್ನು ಗಮನದಲ್ಲಿರಿಸಿಕೊಂಡೇ ಈ ಪತ್ರಗಳನ್ನು ಓದಬೇಕು. ಅವುಗಳಲ್ಲಿ ಕಾಣುವ ಆಜ್ಞೆಯ ಸಾರ ಇಷ್ಟು: ಕೊಡಗರ ಮೇಲೆ ಸಾಮೂಹಿಕವಾಗಿ ದಾಳಿ ಮಾಡಬೇಕು, ಕೊಲ್ಲಬೇಕು ಇಲ್ಲವೇ ಸೆರೆಹಿಡಿಯಬೇಕು, ಸ್ತ್ರೀಯರು ಮತ್ತು ಮಕ್ಕಳೂ ಸೇರಿದಂತೆ ಸೆರೆಯಾದವರನ್ನು ಮತಾಂತರಿಸಬೇಕು. ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ 40,000 ಜನರನ್ನು ಸೆರೆಹಿಡಿದು ಅಹಮದೀ ದಳಕ್ಕೆ ಸೇರಿಸಿದುದಾಗಿ ಟಿಪ್ಪುವೇ ಹೇಳಿಕೊಂಡಿದ್ದಾನೆ. ಮುಂದಿನ ಬರಹಗಳಲ್ಲಿ ಈ ಸಂಖ್ಯೆ 70,000ಕ್ಕೂ ಏರಿದೆ. ಮೊಹಿಬ್ಬುಲ್ ಹಸನ್ ಮೊದಲಾದ ಇತಿಹಾಸಕಾರರು ಈ ಅಂಕೆಗಳನ್ನು ಅತಿಶಯೋಕ್ತಿಯೆಂದು ಸಂಶಯಿಸಿದ್ದಾರೆ. ವಿಜಯಪತ್ರಗಳಲ್ಲಿ ಸಂಖ್ಯೆಯನ್ನು ಹಿಗ್ಗಿಸುವುದು ಅಂದಿನ ರೂಢಿಯಾಗಿದ್ದುದರಿಂದ ಈ ಸಂಶಯ ನಿರಾಧಾರವಲ್ಲ.

ಆದರೆ ಅಂಕೆಯನ್ನು ಎಷ್ಟು ಕುಗ್ಗಿಸಿದರೂ ಆಜ್ಞೆಯ ಸ್ವರೂಪ ಬದಲಾಗದು. ಇಲ್ಲಿ ಶಿಕ್ಷೆಗೆ ಗುರಿಯಾದದ್ದು ದಂಗೆಯ ನಾಯಕನಲ್ಲ, ಆಯುಧ ಹಿಡಿದ ತಂಡವೂ ಅಲ್ಲ. ಒಂದು ಜನಸಮುದಾಯವೇ ಶತ್ರುವೆಂದು ಪರಿಗಣಿತವಾಯಿತು. ಭಾಗಮಂಡಲದ ಸಮೀಪದ ದೇವಟಿಪರಂಬು ಕೊಡವರ ಸ್ಮೃತಿಯಲ್ಲಿ ಇಂದಿಗೂ ಆ ದುರಂತದ ನೆಲೆಯಾಗಿ ಉಳಿದಿದೆ. ಒಕ್ಕದ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಜಮ್ಮಾ ಮಾಪಿಳ್ಳೆ ಕುಟುಂಬಗಳು ಅದೇ ಕಾಲದ ಇನ್ನೊಂದು ಸಾಕ್ಷ್ಯ. ಬರಿದಾದ ನಾಡನ್ನು ಹಿಡಿದಿಡಲು ಮಡಿಕೇರಿ, ಕುಶಾಲನಗರ, ಭಾಗಮಂಡಲ ಮತ್ತು ಬೇಪುನಾಡುಗಳಲ್ಲಿ ಮೈಸೂರಿನ ಕಾವಲುಪಡೆಗಳು ನಿಂತವು. 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರನು ಈ ಠಾಣ್ಯಗಳನ್ನು ಮರಳಿ ಗೆದ್ದನು. 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಗೊಂದಲದಲ್ಲಿ ಸೆರೆಯಾಳುಗಳಲ್ಲಿ ಅನೇಕರು ಕುಟುಂಬಸಮೇತ ಕೊಡಗಿಗೆ ಹಿಂದಿರುಗಿದರು.

ಅಂದಿನ ನೀತಿಪ್ರಜ್ಞೆ

ಹದಿನೆಂಟನೆಯ ಶತಮಾನದ ಯುದ್ಧವನ್ನು ಇಂದಿನ ಮಾನದಂಡದಿಂದ ಅಳೆಯಬಾರದೆಂಬ ಆಕ್ಷೇಪ ಸಹಜವಾದುದು. ಆದರೆ ನಿರಾಯುಧರನ್ನು ಮುಟ್ಟಬಾರದೆಂಬ ತಿಳಿವು ಅಂದಿನವರಿಗೆ ಇರಲಿಲ್ಲವೆನ್ನಲಾಗದು. 1791ರಲ್ಲಿ ಮರಾಠರ ಸೈನ್ಯಕ್ಕೆ ಸೇರಿದ ದಂಡು ಶೃಂಗೇರಿ ಮಠವನ್ನು ಸೂರೆಮಾಡಿದಾಗ, ಆ ಕೃತ್ಯಕ್ಕಾಗಿ ವ್ಯಥೆಪಟ್ಟು ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆಯಿಸಿದವನೂ, ಮಠದ ಪುನಃಪ್ರತಿಷ್ಠೆಗೆ ನೆರವು ಕೊಡಿಸಿದವನೂ ಟಿಪ್ಪುವೇ. ಆ ಕಡತವನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಒಬ್ಬನೇ ಅರಸನ ಆಡಳಿತದ ಈ ಎರಡು ದಾಖಲೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು. ಒಂದನ್ನು ಮರೆಮಾಚಲು ಇನ್ನೊಂದನ್ನು ಬಳಸುವುದು ಸಂಶೋಧನೆಯಾಗದು. ನಿಯಮ ತಿಳಿದಿತ್ತು, ದಂಗೆಯೆದ್ದ ಪ್ರಜೆಗೆ ಅದು ಅನ್ವಯಿಸದೆಂಬ ನಿಲುವೂ ಇತ್ತು.

ಎದುರು ಪಕ್ಷದಲ್ಲಿಯೂ ಇದೇ ದ್ವಂದ್ವ ಕಾಣುತ್ತದೆ. ವೀರರಾಜೇಂದ್ರನ ಪಡೆಗಳು ಗಡಿಯಾಚೆಯ ಮೈಸೂರಿನ ಹಳ್ಳಿಗಳಿಗೆ ನುಗ್ಗಿ ಧಾನ್ಯವನ್ನೂ ದನಕರುಗಳನ್ನೂ ಕೊಳ್ಳೆಹೊಡೆದವು. ಅದರ ನಷ್ಟವನ್ನು ಉಂಡವರು ಅಲ್ಲಿಯ ರೈತರು. ಅದೇ ವೀರರಾಜೇಂದ್ರನು, ಸೆರೆಯ ದಿನಗಳಲ್ಲಿ ತನ್ನ ಕುಟುಂಬದವರನ್ನು ಕಾಪಾಡಿದ್ದ ಖಾದರ್ ಖಾನನು ಶತ್ರುಸೇನಾನಿಯಾಗಿ ಕೈಗೆ ಸಿಕ್ಕಾಗ ಕೃತಜ್ಞತೆಯಿಂದ ಬಿಟ್ಟುಕೊಟ್ಟನು. ಇದು ಉದಾತ್ತವಾದ ನಡತೆಯೇ. ಆದರೆ ಇದು ವ್ಯಕ್ತಿಯ ಋಣಸಂದಾಯವೇ ಹೊರತು ನಿಯಮವಲ್ಲ. ಗಡಿಯ ಹಳ್ಳಿಯ ಹೆಸರಿಲ್ಲದ ಒಕ್ಕಲಿಗನಿಗೆ ಇಂತಹ ಋಣದ ರಕ್ಷಣೆ ಇರಲಿಲ್ಲ.

1834ರ ಘೋಷಣೆ ಮತ್ತು ಅದರ ಮಿತಿ

ಚಿಕ್ಕ ವೀರರಾಜೇಂದ್ರನ ಮೇಲೆ ಕಂಪನಿ ಯುದ್ಧ ಹೂಡಿದಾಗ ಪೊಲಿಟಿಕಲ್ ಏಜೆಂಟನಾಗಿದ್ದ ಫ್ರೇಸರನು 1834ರ ಮಾರ್ಚ್ 15ರಂದು ಒಂದು ಘೋಷಣೆ ಹೊರಡಿಸಿದನು. ಯುದ್ಧ ಅರಸನ ವಿರುದ್ಧವೇ ಹೊರತು ಪ್ರಜೆಗಳ ವಿರುದ್ಧವಲ್ಲ, ಅವರ ಪ್ರಾಣ ಹಾಗೂ ಆಸ್ತಿಗೆ ರಕ್ಷಣೆಯುಂಟು ಎಂಬುದು ಅದರ ತಾತ್ಪರ್ಯ. ಪೂರ್ವದ ದಳವು ಲಿಂಡ್ಸೆಯ ನೇತೃತ್ವದಲ್ಲಿ ಕುಶಾಲನಗರಕ್ಕೆ ಸಮೀಪದ ರಾಮಸ್ವಾಮಿ ಕಣಿವೆಯ ಮಾರ್ಗವಾಗಿ ಮುಂದುವರಿದು ಏಪ್ರಿಲ್ 6ರಂದು ಮಡಿಕೇರಿ ತಲುಪಿತು. ಉತ್ತರದ ಗಡಿಯಲ್ಲಿ ಕೊಡಗರು ಕಂಪನಿಯ ದಳಕ್ಕೆ ತೀವ್ರ ಪ್ರಾಣಹಾನಿಯುಂಟುಮಾಡಿ ಹಿಮ್ಮೆಟ್ಟಿಸಿದ್ದರು. ಆದರೂ ನಾಡಿನ ಜನರ ಮೇಲೆ 1785ರಂತಹ ಸಾಮೂಹಿಕ ಪ್ರತೀಕಾರ ನಡೆಯಲಿಲ್ಲ. ಅರಸನನ್ನೂ ಪ್ರಜೆಯನ್ನೂ ಬೇರ್ಪಡಿಸಿದ ಆಜ್ಞೆಯ ಪರಿಣಾಮವಿದು.

ಇದನ್ನು ಕಂಪನಿಯ ಕರುಣೆಯೆಂದು ತಿಳಿಯಬೇಕಾಗಿಲ್ಲ. ಕಾಡುನಾಡನ್ನು ಕಡಿಮೆ ವೆಚ್ಚದಲ್ಲಿ ಆಳಲು ಅಲ್ಲಿಯ ದಿವಾನರ ಮತ್ತು ಒಕ್ಕಗಳ ಸಹಕಾರ ಅಗತ್ಯವಾಗಿತ್ತು. ಅಲ್ಲದೆ ಅದೇ ಘೋಷಣೆಯು ಅರಸನಿಗೆ ನೆರವಾಗುವ ಕಂಪನಿಯ ಪ್ರಜೆಗಳನ್ನು ದ್ರೋಹಿಗಳೆಂದು ಶಿಕ್ಷಿಸಲಾಗುವುದೆಂದೂ ಎಚ್ಚರಿಸಿತ್ತು. ಯುದ್ಧಕ್ಕೊಂದು ನಿಯಮ, ದಂಗೆಗೆ ಇನ್ನೊಂದು ಎಂಬ ಈ ಭೇದ 1837ರ ಅಮರ ಸುಳ್ಯದ ಹೋರಾಟದಲ್ಲಿ ಸ್ಪಷ್ಟವಾಯಿತು. ಸೆರೆಸಿಕ್ಕ ಹೋರಾಟಗಾರರಿಗೆ ಯುದ್ಧಕೈದಿಗಳ ಸ್ಥಾನ ದೊರೆಯಲಿಲ್ಲ. ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು.

ಲಿಖಿತ ನಿಯಮದ ಕಾಲ

ದಂಗೆಯೆದ್ದವರಿಗೂ ಕನಿಷ್ಠ ರಕ್ಷಣೆಯುಂಟೆಂಬ ತತ್ತ್ವ ಅಂತರರಾಷ್ಟ್ರೀಯ ಕಾನೂನಾಗಲು 1949ರ ಜಿನೀವಾ ಒಪ್ಪಂದಗಳವರೆಗೆ ಕಾಯಬೇಕಾಯಿತು. ಆಂತರಿಕ ಸಂಘರ್ಷಗಳಲ್ಲಿಯೂ ಹೋರಾಟದಲ್ಲಿ ತೊಡಗದವರನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕೆಂಬುದು ಅವುಗಳ ಸಾಮಾನ್ಯ ಮೂರನೆಯ ವಿಧಿಯ ಆಶಯ. ನಾಲ್ಕೇ ವರ್ಷಗಳಲ್ಲಿ ಸೆರೆಯಾಳುಗಳ ವಿಷಯದಲ್ಲಿ ಇಂತಹ ಲಿಖಿತ ನಿಯಮವನ್ನು ರಣರಂಗದ ಸಮೀಪದಲ್ಲಿ ಪಾಲಿಸುವ ಹೊಣೆ ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯನವರ ಮೇಲೆ ಬಿದ್ದುದು ಗಮನಾರ್ಹ. 1953–54ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಸ್ವದೇಶಕ್ಕೆ ಹೋಗಲೊಪ್ಪದ ಸುಮಾರು 23,000 ಬಂದಿಗಳು ಭಾರತೀಯ ಸೈನ್ಯದ ವಶದಲ್ಲಿದ್ದರು. ಬಂದಿಗಳನ್ನು ಬಲವಂತದಿಂದ ಕಳುಹಿಸಬಾರದು, ಬಲವಂತದಿಂದ ತಡೆಯಲೂಬಾರದು ಎಂಬುದು ಒಪ್ಪಂದದ ನಿಯಮ. ಶಿಬಿರಗಳ ಗಲಭೆಯಲ್ಲಿ ಭಾರತೀಯರು ಗುಂಡು ಹಾರಿಸಿ ಕೆಲವು ಬಂದಿಗಳು ಸತ್ತದ್ದೂ ಉಂಟು. ಆದರೂ ಎರಡೂ ಪಕ್ಷಗಳ ಒತ್ತಡದ ನಡುವೆ, ಬಂದಿಗಳನ್ನು ಬಲಪ್ರಯೋಗದಿಂದ ವಿಚಾರಣೆಗೆ ಎಳೆತರಲು ತಿಮ್ಮಯ್ಯನವರು ಒಪ್ಪಲಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದು, ಕೊಡಗಿನಲ್ಲಿ ಜನಸಾಮಾನ್ಯರ ಗತಿಯನ್ನು ನಿರ್ಧರಿಸಿದ್ದು ಸೈನಿಕನ ಸ್ವಭಾವಕ್ಕಿಂತ ಮಿಗಿಲಾಗಿ ಆಜ್ಞೆಯು ಶತ್ರುವನ್ನು ಗುರುತಿಸಿದ ಬಗೆ. ಎರಡನೆಯದು, ಸೆರೆಯಾದವರ ನಿಖರವಾದ ಸಂಖ್ಯೆ ತಿಳಿಯುವವರೆಗೆ ತೀರ್ಮಾನವನ್ನು ಮುಂದೂಡಬೇಕಾಗಿಲ್ಲ. ಹೆಂಗಸರು, ಮಕ್ಕಳೆನ್ನದೆ ಒಂದು ಜನವನ್ನೇ ಸೆರೆಹಿಡಿಯಬೇಕೆಂಬ ಆಜ್ಞೆ ಎಂಟು ಸಾವಿರ ಜನರ ಮೇಲೆ ಜಾರಿಯಾದರೂ ಎಂಬತ್ತು ಸಾವಿರ ಜನರ ಮೇಲೆ ಜಾರಿಯಾದರೂ ಅದು ಅಂತಹ ಆಜ್ಞೆಯೇ. ಪರ್ಷಿಯನ್ ಪತ್ರಗಳು, ಕನ್ನಡ ಕಡತಗಳು, ಒಕ್ಕಗಳ ಮೌಖಿಕ ಪರಂಪರೆ, ಜಮ್ಮಾ ದಾಖಲೆಗಳು ಇವೆಲ್ಲವನ್ನೂ ಒಟ್ಟಿಗಿರಿಸಿ, ಯಾವ ಪಕ್ಷದ ಅರಸನನ್ನೂ ಸಮರ್ಥಿಸುವ ಹಂಗಿಲ್ಲದೆ ಈ ಆಜ್ಞೆಗಳನ್ನು ಅಧ್ಯಯನ ಮಾಡುವುದು ಮುಂದಿನ ಸಂಶೋಧಕರ ಹೊಣೆಯಾಗಿದೆ.