ಡ್ಯುಶೆನ್ ಸ್ನಾಯುಕ್ಷಯ: ಮಗು ಪದೇ ಪದೇ ಬೀಳುತ್ತಿದ್ದರೆ ಅಲಕ್ಷ್ಯ ಬೇಡ

ಡ್ಯುಶೆನ್ ಸ್ನಾಯುಕ್ಷಯವು ಮುಖ್ಯವಾಗಿ ಗಂಡುಮಕ್ಕಳನ್ನು ಕಾಡುವ ಅಪರೂಪದ ಆನುವಂಶಿಕ ಕಾಯಿಲೆ. ಸುಮಾರು 3,500ರಿಂದ 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಇದನ್ನು 19ನೇ ಶತಮಾನದಲ್ಲಿ ವಿವರವಾಗಿ ದಾಖಲಿಸಿದ ಫ್ರೆಂಚ್ ನರರೋಗತಜ್ಞ ಗಿಯೋಮ್ ಡ್ಯುಶೆನ್ ಅವರ ಹೆಸರೇ ರೋಗಕ್ಕೆ ಉಳಿದಿದೆ.

ಕಾರಣವೇನು?

ಸ್ನಾಯುಕೋಶದ ಹೊರಪೊರೆ ಹರಿಯದಂತೆ ಕಾಯುವುದು ಡಿಸ್ಟ್ರೋಫಿನ್ ಎಂಬ ಪ್ರೋಟೀನು. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಜೀನ್ ಕೆಟ್ಟಾಗ ಪ್ರೋಟೀನು ತಯಾರಾಗದೆ ಸ್ನಾಯು ಕ್ರಮೇಣ ನಶಿಸಿ, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ಹೆಣ್ಣುಮಕ್ಕಳಲ್ಲಿ ಎರಡನೆಯ ಎಕ್ಸ್ ಸಾಮಾನ್ಯವಾಗಿ ರಕ್ಷಣೆ ನೀಡುತ್ತದೆ. ಗಂಡುಮಕ್ಕಳಿಗೆ ಆ ಆಸರೆಯಿಲ್ಲ. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ದೋಷ ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ. ಆದ್ದರಿಂದ ತಾಯಿಯನ್ನು ದೂಷಿಸುವುದರಲ್ಲಿ ಅರ್ಥವಿಲ್ಲ.

ಲಕ್ಷಣಗಳು

ತಡವಾಗಿ ನಡೆಯುವುದು, ಪದೇ ಪದೇ ಬೀಳುವುದು, ಮೆಟ್ಟಿಲು ಹತ್ತಲು ಕಷ್ಟಪಡುವುದು, ತುದಿಗಾಲಿನಲ್ಲಿ ನಡೆಯುವುದು ಆರಂಭದ ಲಕ್ಷಣಗಳು. ನೆಲದಿಂದ ಏಳುವಾಗ ಮಗು ತನ್ನ ತೊಡೆಯ ಮೇಲೆ ಕೈಯೂರಿ ಮೇಲೇಳುವುದು ಮುಖ್ಯ ಸುಳಿವು. ಮೀನಖಂಡ ದಪ್ಪಗೆ ಕಾಣುವುದರಿಂದ ಮಗು ಗಟ್ಟಿಮುಟ್ಟಾಗಿದೆ ಎಂದೇ ಮನೆಯವರು ನಂಬಿರುತ್ತಾರೆ. ಶಾಲೆಯಲ್ಲಿ ಸೋಮಾರಿ ಎಂಬ ಹೆಸರು ಬರುತ್ತದೆ. ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಿರುವುದನ್ನು ಕಂಡು ಯಕೃತ್ತಿನ ಕಾಯಿಲೆಯೆಂದು ಭಾವಿಸಿ ಅಮೂಲ್ಯ ಸಮಯ ಕಳೆದುಹೋಗುವುದೂ ಉಂಟು. ಕ್ರಿಯಾಟಿನ್ ಕೈನೇಸ್ ಎಂಬ ಸರಳ ರಕ್ತಪರೀಕ್ಷೆ ರೋಗದ ಸುಳಿವು ನೀಡುತ್ತದೆ. ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಚಿಕಿತ್ಸೆ ಮತ್ತು ನೆರವು

ರೋಗವನ್ನು ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಇನ್ನೂ ಇಲ್ಲ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನ ಮಕ್ಕಳು 12ರ ಆಸುಪಾಸಿನಲ್ಲಿ ಗಾಲಿಕುರ್ಚಿ ಹಿಡಿಯುತ್ತಾರೆ. ಮುಂದೆ ಹೃದಯ, ಉಸಿರಾಟದ ಸ್ನಾಯುಗಳೂ ದುರ್ಬಲವಾಗುತ್ತವೆ. ವೈದ್ಯರ ನಿಗಾದಲ್ಲಿ ನೀಡುವ ಸ್ಟೀರಾಯ್ಡ್, ಫಿಸಿಯೋಥೆರಪಿ, ನಿಯಮಿತ ಹೃದಯ ತಪಾಸಣೆ ಮತ್ತು ಉಸಿರಾಟಕ್ಕೆ ನೆರವಿನಿಂದ ನಡೆದಾಡುವ ವರ್ಷಗಳೂ ಆಯುಷ್ಯವೂ ಹೆಚ್ಚುತ್ತವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ರೋಗಗಳ ತಪಾಸಣೆಯ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ನಾಯುಕ್ಷಯವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ್ದು, ಪ್ರಮಾಣಪತ್ರ ಪಡೆಯಲು ಅವಕಾಶವಿದೆ.

ರೋಗ ಬೇಗ ಪತ್ತೆಯಾದರೆ ಇನ್ನೊಂದು ಪ್ರಯೋಜನವಿದೆ. ತಾಯಿ ವಾಹಕಳೇ ಎಂಬುದನ್ನು ಮುಂದಿನ ಗರ್ಭಧಾರಣೆಗೆ ಮುನ್ನವೇ ತಿಳಿಯಬಹುದು. ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಶೇ. 50. ಮೊದಲ ಮಗುವಿನ ರೋಗ ಗುರುತಿಸುವ ಮುನ್ನವೇ ಎರಡನೆಯದು ಹುಟ್ಟಿದರೆ ಈ ಅವಕಾಶ ಕೈತಪ್ಪುತ್ತದೆ.

ಡಿಸ್ಟ್ರೋಫಿನ್ ಜೀನ್‌ನಲ್ಲಿರುವ 79 ಎಕ್ಸಾನ್‌ಗಳನ್ನು ನೆನಪಿಸುವಂತೆ ಪ್ರತಿವರ್ಷ ಸೆಪ್ಟೆಂಬರ್ 7ರಂದು ವಿಶ್ವ ಡ್ಯುಶೆನ್ ಜಾಗೃತಿ ದಿನ ಆಚರಿಸಲಾಗುತ್ತದೆ.