ಕಾರ್ಯಕ್ರಮ ಫಲಿಸುವುದೇ? ಮಾನಸಿಕ ಆರೋಗ್ಯ ಇಲಾಖೆಗಳು ಪುರಾವೆ ಹುಡುಕುವ ಬಗೆ

ಮಕ್ಕಳನ್ನು ಮಾದಕ ವಸ್ತುಗಳಿಂದ ದೂರವಿಡಬೇಕು, ವ್ಯಸನಿಗಳನ್ನು ಮರಳಿ ದಾರಿಗೆ ತರಬೇಕು ಎಂಬ ಬಗ್ಗೆ ಎರಡು ಮಾತಿಲ್ಲ. ಆದರೆ ಸಾರ್ವಜನಿಕರ ಹಣ ಯಾವ ಕಾರ್ಯಕ್ರಮಕ್ಕೆ ಸಲ್ಲಬೇಕು ಎಂಬುದನ್ನು ಸದುದ್ದೇಶವೊಂದೇ ನಿರ್ಧರಿಸಲಾರದು. ಅಮೆರಿಕದ ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಇಲಾಖೆಗಳ ನಾಲ್ಕು ದಶಕಗಳ ಅನುಭವ ಇದಕ್ಕೆ ಸಾಕ್ಷಿ.

ಜನಪ್ರಿಯತೆಯೇ ಪುರಾವೆಯಲ್ಲ

'ಡೇರ್' ಕಾರ್ಯಕ್ರಮ 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಯಿತು. ಪೊಲೀಸ್ ಅಧಿಕಾರಿಗಳೇ ತರಗತಿಗೆ ಬಂದು ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುತ್ತಿದ್ದರು. ಪೋಷಕರೂ ಶಿಕ್ಷಕರೂ ಮೆಚ್ಚಿದ ಈ ಕಾರ್ಯಕ್ರಮ ದೇಶದಾದ್ಯಂತ ಹಬ್ಬಿತು. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟವಾದ ವಿಶ್ಲೇಷಣೆ ಬೇರೆಯದೇ ಚಿತ್ರ ನೀಡಿತು. ಮಕ್ಕಳ ತಿಳಿವಳಿಕೆ ಹೆಚ್ಚಿದ್ದರೂ ಮಾದಕ ವಸ್ತುಗಳ ಬಳಕೆಯ ಮೇಲಾದ ಪರಿಣಾಮ ಅತ್ಯಲ್ಪವಾಗಿತ್ತು.

ಕಾನೂನಿನ ಒತ್ತಾಸೆ

ಒರೆಗಾನ್ ರಾಜ್ಯ 2003ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕಾನೂನನ್ನೇ ರೂಪಿಸಿತು. ಮಾನಸಿಕ ಆರೋಗ್ಯ, ವ್ಯಸನ ಚಿಕಿತ್ಸೆ, ಬಂದೀಖಾನೆ ಮೊದಲಾದ ಇಲಾಖೆಗಳು ತಮ್ಮ ಕಾರ್ಯಕ್ರಮಗಳ ಹಣದಲ್ಲಿ ಮೊದಲು ಶೇ 25, ನಂತರ ಶೇ 50, ಕೊನೆಗೆ 2009-11ರ ಅವಧಿಯಲ್ಲಿ ಶೇ 75ರಷ್ಟನ್ನು ಪುರಾವೆ ಆಧಾರಿತ ಕಾರ್ಯಕ್ರಮಗಳಿಗೇ ವಿನಿಯೋಗಿಸಬೇಕೆಂದು ಅದು ವಿಧಿಸಿತು.

ಪಟ್ಟಿಯ ಮಿತಿ

ಪ್ರತಿಯೊಂದು ಸಂಶೋಧನೆಯನ್ನೂ ಓದಿ ತೂಗಿ ನೋಡುವಷ್ಟು ಸಮಯವಾಗಲಿ ಪರಿಣತಿಯಾಗಲಿ ಸ್ಥಳೀಯ ಅಧಿಕಾರಿಗಳಿಗೆ ಇರುವುದಿಲ್ಲ. ಅವರಿಗೆ ನೆರವಾಗಲೆಂದು ಕೇಂದ್ರ ಸಂಸ್ಥೆ 'ಸ್ಯಾಮ್‌ಸಾ' 1997ರಿಂದ ಪರಿಶೀಲಿತ ಕಾರ್ಯಕ್ರಮಗಳ ರಾಷ್ಟ್ರೀಯ ಪಟ್ಟಿಯೊಂದನ್ನು ನಿರ್ವಹಿಸಿತು. ಅದರಲ್ಲಿ ನೂರಾರು ಕಾರ್ಯಕ್ರಮಗಳು ಸೇರಿದವು. ಆದರೆ ಹಲವು ಕಾರ್ಯಕ್ರಮಗಳಿಗೆ ಬೆರಳೆಣಿಕೆಯ ಅಧ್ಯಯನಗಳೇ ಆಧಾರವಾಗಿದ್ದವು. ಅವನ್ನೂ ಕಾರ್ಯಕ್ರಮ ರೂಪಿಸಿದವರೇ ನಡೆಸಿದ್ದುಂಟು ಎಂಬ ಟೀಕೆ ಬಂತು. 2018ರ ಆರಂಭದಲ್ಲಿ ಸರ್ಕಾರ ಈ ಪಟ್ಟಿಯನ್ನು ನಿಲ್ಲಿಸಿ, ಅದರ ಬದಲಿಗೆ ಸಂಪನ್ಮೂಲ ಕೇಂದ್ರವೊಂದನ್ನು ತೆರೆಯಿತು.

ಅನುಷ್ಠಾನವೇ ನಿರ್ಣಾಯಕ

ಉತ್ತಮ ಕಾರ್ಯಕ್ರಮವನ್ನು ಆರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ನೀತಿ ಸಂಸ್ಥೆಯು, ತಪ್ಪು ದಾರಿ ಹಿಡಿದ ಬಾಲಕರ ಕುಟುಂಬಗಳಿಗೆ ನೀಡುವ ಚಿಕಿತ್ಸೆಯೊಂದನ್ನು ಪರಿಶೀಲಿಸಿ 2004ರಲ್ಲಿ ವರದಿ ನೀಡಿತು. ಚಿಕಿತ್ಸಕರು ನಿಯಮಾನುಸಾರ, ದಕ್ಷತೆಯಿಂದ ಚಿಕಿತ್ಸೆ ನೀಡಿದಲ್ಲಿ ಮತ್ತೆ ಗಂಭೀರ ಅಪರಾಧ ಎಸಗುವವರ ಪ್ರಮಾಣ ಶೇ 38ರಷ್ಟು ಇಳಿದಿತ್ತು. ದಕ್ಷತೆ ಇಲ್ಲದ ಕಡೆ ಇಳಿಕೆಯೇ ಕಾಣಲಿಲ್ಲ. ಕಾರ್ಯಕ್ರಮ ಒಂದೇ, ಫಲ ಬೇರೆ!

ಬಳ್ಳಾರಿ ಮಾದರಿ

ಒಂದೆಡೆ ಫಲಿಸಿದ ಕಾರ್ಯಕ್ರಮವನ್ನು ಎಲ್ಲೆಡೆ ಹಬ್ಬಿಸುವ ಸವಾಲು ಕರ್ನಾಟಕಕ್ಕೂ ಅಪರಿಚಿತವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ಮಾನಸಿಕ ರೋಗಿಗಳಿಗೆ ಅವರ ಊರಿನ ಸಮೀಪದಲ್ಲೇ ಚಿಕಿತ್ಸೆ ದೊರೆಯುವಂತೆ ಮಾಡಿತು. ಈ ಮಾದರಿಯನ್ನು ಆಧರಿಸಿಯೇ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ತಜ್ಞರ ನಿಕಟ ಉಸ್ತುವಾರಿಯಲ್ಲಿ ಒಂದು ಜಿಲ್ಲೆಯಲ್ಲಿ ಸಾಧ್ಯವಾದದ್ದು, ಮನೋವೈದ್ಯರ ಕೊರತೆ ಇರುವ ನೂರಾರು ಜಿಲ್ಲೆಗಳಲ್ಲಿ ತಾನಾಗಿಯೇ ಸಾಧ್ಯವಾಗದು.

ಕೇಳಬೇಕಾದ ಪ್ರಶ್ನೆಗಳು

ಹಾಗಾಗಿ ಇಲಾಖೆಯೊಂದು ಹೊಸ ಕಾರ್ಯಕ್ರಮವನ್ನು ಪ್ರಕಟಿಸಿದಾಗ 'ಇದು ಸಾಬೀತಾಗಿದೆಯೇ' ಎಂದಷ್ಟೇ ಕೇಳಿದರೆ ಸಾಲದು. ಅಧ್ಯಯನ ನಡೆಸಿದವರು ಯಾರು? ಎಂತಹ ಜನರ ನಡುವೆ ನಡೆಸಿದರು? ಹೋಲಿಕೆಗೆ ಮತ್ತೊಂದು ಗುಂಪು ಇತ್ತೇ? ಇಲ್ಲಿ ಅದನ್ನು ನಡೆಸಲು ತರಬೇತಿ ಪಡೆದ ಸಿಬ್ಬಂದಿ ಇದ್ದಾರೆಯೇ? ಫಲ ಬಾರದಿದ್ದರೆ ಅದನ್ನು ಗುರುತಿಸುವ ವ್ಯವಸ್ಥೆ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ವ್ಯಯವಾಗುವ ಹಣಕ್ಕಿಂತ ದೊಡ್ಡ ನಷ್ಟ, ನೆರವು ಸಿಗಬೇಕಾದ ವಯಸ್ಸಿನಲ್ಲಿ ಅದು ಸಿಗದೇ ಹೋದ ಮಕ್ಕಳದು.