ಬೀರು ಮತ್ತು ಬಾಗಿಲು

ಕನ್ನಡದ ‘ಬೀರು’, ತೆಲುಗಿನ ‘ಬೀರುವಾ’ ಎರಡೂ ‘ಬ್ಯೂರೋ’ ಎಂಬ ಪದದಿಂದ ಬಂದವು. ಇಂದು ಬೀರು ಎಂದರೆ ಬಟ್ಟೆ, ಒಡವೆ, ಮನೆಪತ್ರ ಇಡುವ ಉಕ್ಕಿನ ಕಪಾಟು. 18ನೇ ಶತಮಾನದ ವಿಶಾಖಪಟ್ಟಣದಲ್ಲಿ ತಯಾರಾಗುತ್ತಿದ್ದ ಬ್ಯೂರೋ ಬೇರೆಯದು: ಕೆಳಗೆ ಸೆಳೆಖಾನೆಗಳಿರುವ ಬರೆಯುವ ಮೇಜು, ಅದರ ಮೇಲೆ ಕೂರಿಸಿದ ಕಪಾಟು, ಮೈತುಂಬ ದಂತದ ಕುಸುರಿ. ಎರಡಕ್ಕೂ ಎದುರಾದ ಪ್ರಶ್ನೆ ಮಾತ್ರ ಒಂದೇ. ದಾರಿಯಲ್ಲಿರುವ ಅತಿ ಕಿರಿದಾದ ಬಾಗಿಲು ಎಷ್ಟು ಅಗಲ?

17ನೇ ಶತಮಾನದ ಕೊನೆಯ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ವಿಶಾಖಪಟ್ಟಣದಲ್ಲಿ ಕೋಠಿ ತೆರೆದಿತ್ತು. ಕಂಪನಿಯ ಅಧಿಕಾರಿಗಳು ತಮ್ಮ ದೇಶದ ಮೇಜು-ಕುರ್ಚಿಗಳ ಮಾದರಿ ಕೊಟ್ಟರು. ಊರಿನ ಕಂಸಾಲಿ ಕುಶಲಕರ್ಮಿಗಳು ಅದಕ್ಕೆ ತಮ್ಮ ಕೈಗುಣ ಸೇರಿಸಿದರು. ಮೊದಮೊದಲು ಬೀಟೆಯಂಥ ಕಪ್ಪು ಮರದಲ್ಲಿ ದಂತ ಕೂರಿಸುತ್ತಿದ್ದರು. ಮುಂದೆ ಮರದ ಮೈಯನ್ನೇ ತೆಳು ದಂತದ ಹಾಳೆಗಳಿಂದ ಮುಚ್ಚಿ, ಅದರ ಮೇಲೆ ಗೆರೆ ಕೊರೆದು, ಗೆರೆಗಳಿಗೆ ಕಪ್ಪು ಅರಗು ತುಂಬತೊಡಗಿದರು. 1773ರಿಂದ 1775ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ವಿಂಚ್ ಇಂಥ ಪೀಠೋಪಕರಣಗಳನ್ನು ಇಂಗ್ಲೆಂಡಿಗೆ ಒಯ್ದಿದ್ದ. 1781ರಲ್ಲಿ ಅವನ ಸಾಮಾನು ಹರಾಜಿಗೆ ಬಂದಾಗ ಮೂರನೇ ಜಾರ್ಜ್ ದೊರೆ ರಾಣಿ ಷಾರ್ಲಟ್‌ಗಾಗಿ ಅವನ್ನು ಕೊಂಡ.

ಅರಮನೆ ಸೇರುವ ಮೊದಲು ಆ ಸಾಮಾನು ಸಮುದ್ರ ದಾಟಬೇಕಿತ್ತು. ವಿಶಾಖಪಟ್ಟಣದ ಒಳಬಂದರು ಹಡಗುಗಳಿಗೆ ತೆರೆದದ್ದು 1933ರಲ್ಲಿ. ಅದಕ್ಕೂ ಮೊದಲು ದೊಡ್ಡ ಹಡಗುಗಳು ದಡದಿಂದ ದೂರದಲ್ಲೇ ಲಂಗರು ಹಾಕುತ್ತಿದ್ದವು. ಕೋರಮಂಡಲ ತೀರದ ಅಬ್ಬರದ ಅಲೆಗಳನ್ನು ದಾಟಲು ಮಸೂಲಾ ದೋಣಿಗಳಿದ್ದವು. ಅವುಗಳ ಹಲಗೆಗಳಿಗೆ ಮೊಳೆಯಿಲ್ಲ, ತೆಂಗಿನ ನಾರಿನ ಹೊಲಿಗೆ. ಅಲೆ ಹೊಡೆದರೆ ದೋಣಿ ಒಡೆಯದೆ ಬಾಗುತ್ತಿತ್ತು. ಅಲ್ಲಿಂದ ಸಾಮಾನನ್ನು ಹಗ್ಗ ಕಟ್ಟಿ ಮೇಲೆತ್ತಿ ಹಡಗಿನ ಉಗ್ರಾಣದ ಬಾಯಿಯೊಳಗೆ ಇಳಿಸಬೇಕು. ಆ ಬಾಯಿಗಿಂತ ದೊಡ್ಡದಾದದ್ದಕ್ಕೆ ಹಡಗಿನ ಹೊಟ್ಟೆಯಲ್ಲಿ ಜಾಗವಿಲ್ಲ.

ಇಂಗ್ಲೆಂಡಿನ ಬ್ಯೂರೋ ಮಾದರಿಯೇ ಎರಡು ತುಂಡಿನದು. ಮೇಲಿನ ಕಪಾಟನ್ನು ಎತ್ತಿ ಕೆಳಗಿಡಬಹುದು, ಸೆಳೆಖಾನೆಗಳನ್ನು ಹೊರಗೆಳೆಯಬಹುದು. ಹಲವಕ್ಕೆ ಪಕ್ಕದಲ್ಲಿ ಹಿಡಿಕೆಗಳೂ ಇದ್ದವು. ಆ ವಿನ್ಯಾಸ ವಿಶಾಖಪಟ್ಟಣದ ಹಮಾಲಿಗಳಿಗಾಗಿ ಹುಟ್ಟಿದ್ದಲ್ಲವಾದರೂ ಅವರ ಬೆನ್ನನ್ನು ಉಳಿಸಿತು. 19ನೇ ಶತಮಾನದಲ್ಲಿ ಊರಿನ ದಂತದ ಕೆಲಸ ಪ್ರಯಾಣಿಕರ ಟ್ರಂಕಿನಲ್ಲೇ ಹಿಡಿಸುವ ಪೆಟ್ಟಿಗೆ, ಹೊಲಿಗೆಡಬ್ಬಿಗಳ ಕಡೆ ಹೊರಳಿತು.

ಬೀರು ಉಕ್ಕಿನದಾದದ್ದು ನಂತರ. ಗೋದ್ರೆಜ್ 1923ರಲ್ಲಿ ಉಕ್ಕಿನ ಬೀರು ತಯಾರಿಸತೊಡಗಿತು. ಊರೂರಿನ ವೆಲ್ಡಿಂಗ್ ಅಂಗಡಿಗಳೂ ಅದೇ ಆಕಾರ ಹಿಡಿದವು. ಕಳ್ಳರಿಗೆ ಭದ್ರವಾದ ಈ ಬೀರುವಿಗೆ ಒಂದು ಕೊರತೆ ಬಂತು: ಬೆಸುಗೆ ಹಾಕಿದ ಮೈಯನ್ನು ಬಿಚ್ಚಲಾಗದು. ನೆಲಮಟ್ಟದ ಮನೆಗಳ ಕಾಲದಲ್ಲಿ ಅದೊಂದು ತೊಡಕಾಗಲಿಲ್ಲ. ಮನೆಗಳು ಮಹಡಿ ಏರಿದಾಗ ಹಡಗಿನ ಬಾಯಿಯ ಜಾಗಕ್ಕೆ ಲಿಫ್ಟಿನ ಬಾಗಿಲು ಬಂತು.

ಲಿಫ್ಟಿಗೆ ಸಾಮಾನು ಹೊಸದಲ್ಲ. ಹಗ್ಗ ಹರಿದರೂ ಬೀಳದ ಎತ್ತುಗವನ್ನು ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದ್ದು ಸರಕಿನ ಕಟ್ಟೆಯ ಮೇಲೆ ನಿಂತೇ. 1857ರಲ್ಲಿ ಅದೇ ನಗರದ ಹಾವೌಟ್ ಮಳಿಗೆಯಲ್ಲಿ ಜನರಿಗಾಗಿ ಲಿಫ್ಟ್ ಬಂತು. ಅಲ್ಲಿಂದ ಮುಂದೆ ಅದರ ಅಳತೆಗೆ ಮನುಷ್ಯನೇ ಮಾನವಾದ. ಭಾರತದಲ್ಲಿ ಒಬ್ಬರಿಗೆ 68 ಕೆ.ಜಿ. ಲೆಕ್ಕ; ಎಂಟು ಜನರ ಲಿಫ್ಟಿನೊಳಗಿನ ಫಲಕ 544 ಕೆ.ಜಿ. ಎನ್ನುತ್ತದೆ. ಬಾಗಿಲಿನ ಅಗಲವನ್ನು ಆ ಫಲಕ ಹೇಳುವುದಿಲ್ಲ.

2014ರಲ್ಲಿ ರಾಜ್ಯ ಒಡೆದ ಮೇಲೆ, 2016ರಲ್ಲಿ ಆಂಧ್ರದ ಸಚಿವಾಲಯ ಹೈದರಾಬಾದಿನಿಂದ ವಿಜಯವಾಡದ ಸಮೀಪದ ವೆಲಗಪೂಡಿಗೆ ಬಂತು. ನೌಕರರ ಜೊತೆ ಸಂಸಾರಗಳೂ ಊರು ಬದಲಿಸುವಂಥ ಕಾಲ ಅದು. ಲಾರಿಯಿಂದ ಇಳಿದ ಸಾಮಾನಿಗೆ ವಿಜಯವಾಡದ ಅಪಾರ್ಟ್‌ಮೆಂಟಾಗಲಿ ವಿಶಾಖಪಟ್ಟಣದ ಅಪಾರ್ಟ್‌ಮೆಂಟಾಗಲಿ ಕೇಳುವ ಲೆಕ್ಕ ಒಂದೇ.

ಭಾರತೀಯ ಮಾನಕದ ಪ್ರಕಾರ ಎಂಟು ಜನರ ಲಿಫ್ಟಿನ ಒಳಗಲ 130 ಸೆಂ.ಮೀ., ಆಳ 110, ಬಾಗಿಲು ತೆರೆದಾಗ ಅಗಲ 80, ಎತ್ತರ 200. ಮೂರು ಅಡಿ ಅಗಲ, ಒಂದೂವರೆ ಅಡಿ ಆಳ, ಆರೂವರೆ ಅಡಿ ಎತ್ತರದ ಬೀರುವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ ಅದು ಒಳಹೋಗುತ್ತದೆ. ಆದರೆ ತಲೆಯ ಮೇಲೆ ಉಳಿಯುವುದು ಎರಡೇ ಸೆಂಟಿಮೀಟರ್. ಓರೆ ಮಾಡಲು ಜಾಗವಿಲ್ಲ, ಗೋಣಿಯ ಮೇಲಿಟ್ಟು ನೇರವಾಗಿ ಜಾರಿಸಬೇಕು. 210 ಸೆಂ.ಮೀ. ಉದ್ದದ ಸೋಫಾ ನೆಟ್ಟಗೆ ನಿಂತು ಆ ಬಾಗಿಲು ದಾಟದು. ಮಲಗಿಸಿದರೆ ಆಳ ಸಾಲದು. ಆರಡಿ ಉದ್ದ, ನಾಲ್ಕಡಿ ಅಗಲದ ಮಂಚದ ತಲೆಹಲಗೆ ನೇರವಾಗಿ ಹಿಡಿಸದಿದ್ದರೂ ಓರೆಯಾಗಿ ಹಿಡಿಸುತ್ತದೆ, ಏಕೆಂದರೆ ಲಿಫ್ಟಿನ ಮೂಲೆಯಿಂದ ಮೂಲೆಗೆ 170 ಸೆಂ.ಮೀ. ಇದೆ. ಕೈಯಾಸರೆ ಕಂಬಿ, ಕನ್ನಡಿಗಳಿದ್ದರೆ ಈ ಅಂಕಿಗಳಲ್ಲೂ ಕಳೆಯಬೇಕು.

ಅಳೆಯದೆ ಕೊಂಡದ್ದರ ಬೆಲೆಯನ್ನು ಮೊದಲು ತೆರುವುದು ಹಮಾಲಿ. ಲಿಫ್ಟಿನ ಬಾಗಿಲಲ್ಲಿ ನಿಂತ ಸೋಫಾ ಮೆಟ್ಟಿಲ ದಾರಿ ಹಿಡಿದಾಗ, ಪ್ರತಿ ತಿರುವಿನಲ್ಲೂ ಕೆಳಗಿನವನ ಭುಜಕ್ಕೆ ಹೆಚ್ಚು ಭಾರ. ಎರಡು ತುಂಡಿನ ಬ್ಯೂರೋದಲ್ಲಿ ದಾರಿಯ ಯೋಚನೆಯ ಒಂದಿಷ್ಟು ಪಾಲು ಸಾಮಾನಿನೊಳಗೇ ಇತ್ತು. ಒಂದೇ ಮೈಯ ಬೀರು ಆ ಪಾಲನ್ನು ಕೊಳ್ಳುವವರಿಗೆ ಬಿಟ್ಟಿದೆ. ಅದಕ್ಕೆ ಬೇಕಾದದ್ದು ಒಂದು ಟೇಪು, ಅಂಗಡಿಗೆ ಹೋಗುವ ಮೊದಲಿನ ಐದು ನಿಮಿಷ.